ದಪ್ಪಗೆ ಬಂದ ದನಿ

ಭಾನುವಾರ, ಮಾರ್ಚ್ ೯

ನನ್ನ ಚಿನಕುರಳಿಗೆ, ನಿನ್ನ ಸೋದರಮಾವ ತಲೆ ನೇವರಿಸಿ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಗಟ್ಟಿಮುಟ್ಟಾಗಿದ್ದೇವೆ. ನಿನ್ನ ಅತ್ತೆಯ ನೋವು ಮಂಡಿಯಿಂದ ಬಾಯಿಗೆ ಇನ್ನೂ ಏರಿಲ್ಲ, ಆದ್ದರಿಂದ ಮನೆ ಎಂದಿನಂತೆ ನಡೆಯುತ್ತಿದೆ. ಕಾಗದ ತಡವಾಯಿತು, ನಾಲ್ಕು ಮಾತು ಬೈದುಬಿಡು, ಹಗುರವಾಗುತ್ತದೆ. ನೀನು ಕೇಳಿದ್ದು ಒಂದೇ: ಹಳೇ ವಿಡಿಯೋ ಕ್ಯಾಮೆರಾದ ಟೇಪಿನಲ್ಲಿ ನಿನ್ನ ಅಮ್ಮ ಮಾತಾಡಿರುವುದನ್ನು ಕಂಪ್ಯೂಟರಿಗೆ ಇಳಿಸಿ ಕಳಿಸು ಅಂತ. “ಅಮ್ಮನ ಮುಖ ಫೋಟೋದಲ್ಲಿದೆ ಮಾವ. ದನಿ ನನ್ನ ಕಿವಿಯಲ್ಲಿ ಮಾತ್ರ ಇದೆ, ಸಣ್ಣ ದನಿ, ಕೊನೆಗೊಂದು ರಾಗ. ಅದು ಅಳಿಸಿಹೋಗೋದಕ್ಕೆ ಮುಂಚೆ ಇನ್ನೊಂದು ಸಲ ಕೇಳಬೇಕು” ಅಂತ ಬರೆದಿದ್ದೆ. ಓದಿದ ಕೂಡಲೇ, ಇದೆಂಥ ಮಹಾ ಕೆಲಸ ಅಂದುಕೊಂಡೆ. ನಾನು ವೈಂಡಿಂಗ್ ಮಾಡಿದ ಮೋಟಾರು ತಿರುಗದೆ ನಿಂತ ಉದಾಹರಣೆ ಈ ಪೇಟೆಯಲ್ಲೇ ಇಲ್ಲ. ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸಿಗೇ ವಿದ್ಯೆ ಸಾಕು ಅಂದವನು ನಾನು, ಮೇಷ್ಟ್ರು ಅಂದದ್ದಲ್ಲ. ಮೇಷ್ಟ್ರೂ ಅಂದಿದ್ದರು, ಅದು ಬೇರೆ ಮಾತು.

ಮೊದಲು ಕ್ಯಾಮೆರಾದ ಜೊತೆಗಿದ್ದ ವೈರನ್ನೇ ಚುಚ್ಚಿದೆ. ಕಂಪ್ಯೂಟರಿಗೆ ಎಚ್ಚರವಾಯಿತು, ಒಂದೇ ಒಂದು ಫೋಟೋ ತೋರಿಸಿತು. ಅದರಲ್ಲಿ ನನ್ನ ಹೆಬ್ಬೆರಳು. ಟೇಪಿನ ಸುಳಿವೇ ಇಲ್ಲ. ಕಂಪ್ಯೂಟರ್ ರಿಪೇರಿಯವನ ಅಂಗಡಿಗೆ ಹೊತ್ತುಕೊಂಡು ಹೋದೆ. ಅವನು ನೋಡಿ ನಕ್ಕ.

“ಅಂಕಲ್, ಈ ವೈರಲ್ಲಿ ಫೋಟೋ ಮಾತ್ರ ಬರುತ್ತೆ. ಟೇಪಿಂದು ಬರೋದು ಪಕ್ಕದ ಈ ಸಣ್ಣ ತೂತಿಂದ. ಅದಕ್ಕೆ ಫೈರ್‌ವೈರ್ ಅಂತ ಬೇರೆ ವೈರು. ನಿಮ್ಮ ಹೊಸ ಕಂಪ್ಯೂಟರಲ್ಲಿ ಅದರ ತೂತೇ ಇಲ್ಲ.”

“ಇಲ್ಲದಿದ್ರೆ ಕೊರೆದ್ರಾಯ್ತು, ನನ್ನ ಹತ್ರ ಡ್ರಿಲ್ ಇದೆ,” ಅಂದೆ.

ಅವನು ಗಾಬರಿಬಿದ್ದು, ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ತನ್ನ ಹಳೇ ಕಂಪ್ಯೂಟರನ್ನೂ ಆ ವೈರನ್ನೂ ಎರವಲು ಕೊಟ್ಟು ಕಳಿಸಿದ. ವೈರಿನ ಹೆಸರು ಕೇಳಿದ್ದೇ ನಿನ್ನ ಅತ್ತೆ ಕಿಟಕಿಯ ಪರದೆ ಬಿಚ್ಚಿ ಒಳಗಿಟ್ಟಳು, ಬೆಂಕಿ ಹತ್ತೀತು ಅಂತ.

ಹೊಸ ವೈರು ಚುಚ್ಚಿದರೆ ಸ್ಕ್ರೀನಿನ ಮೇಲೆ ಯಾವನೋ ಬೋಳುತಲೆಯವನು ಬಂದು ನನ್ನನ್ನೇ ದುರುಗುಟ್ಟಿ ನೋಡಿದ.

“ಇವನ್ಯಾವನೇ? ಇವನನ್ನ ಯಾವಾಗ ತೆಗೆದಿದ್ದೆ ನಾನು?”

“ಅದು ನೀವೇ ರೀ. ಕ್ಯಾಮೆರಾ ನಿಮ್ಮ ಕಡೆ ನೋಡ್ತಿದೆ. ತೆಗೆಯೋ ಕಡೆಗಿರೋ ಗುಂಡೀನ ತೋರಿಸೋ ಕಡೆಗೆ ತಿರುಗಿಸಿ.”

ತಿರುಗಿಸಿದೆ. ನನಗೆ ಮೊದಲೇ ಗೊತ್ತಿತ್ತು, ಅವಳಿಗೆ ಗೊತ್ತಿದೆಯೋ ಇಲ್ಲವೋ ನೋಡೋಣ ಅಂತಿದ್ದೆ.

ಟೇಪು ಓಡಿತು. ಆದರೆ ಚಿತ್ರವೆಲ್ಲ ಚೌಕ ಚೌಕ. ನಿನ್ನ ಅಮ್ಮನ ಮೂಗು ಒಂದು ಚೌಕದಲ್ಲಿ, ಕಿವಿ ಇನ್ನೊಂದರಲ್ಲಿ. ಕ್ಯಾಮೆರಾದೊಳಗೆ ಟೇಪನ್ನು ಓದುವ ಹೆಡ್ಡಿಗೆ ಕೊಳೆ ಹಿಡಿದಿದೆ ಅಂದ ರಿಪೇರಿಯವನು, ಅದನ್ನು ಒರೆಸುವ ಟೇಪೇ ಬೇರೆ ಇರುತ್ತದಂತೆ, ಅದನ್ನು ಕೊಟ್ಟ. ಹಾಕಿ ತುಸು ಹೊತ್ತು ಓಡಿಸಿದೆ. ಆಮೇಲೆ ಮುಖ ಕೂಡಿಕೊಂಡಿತು. ಮೆಟ್ಟಿಲ ಮೇಲೆ ಅಕ್ಕ, ಕೆಳಗಿನ ಮೆಟ್ಟಿಲಲ್ಲಿ ನೀನು. ತಲೆ ಬಾಚಿಸಿಕೊಳ್ಳಲಾರದೆ ಒದ್ದಾಡುತ್ತಿದ್ದೀಯೆ. ಅವಳ ಭುಜದ ಮೇಲೆ ರಿಬ್ಬನ್ನು.

ಇನ್ನು ಉಳಿದದ್ದು ದನಿ. ಅಲ್ಲೇ ತೊಡಕು. ಅಕ್ಕ ಬಾಯಿಬಿಟ್ಟರೆ ದಪ್ಪ ದನಿ, ನಿಧಾನ, ತುಸು ಒಡಕು. ಟೇಪು ಎಳೆದುಕೊಂಡಿರಬೇಕು ಅಂತ ವೈರು ಕಿತ್ತು ಮತ್ತೆ ಚುಚ್ಚಿದೆ. ಸ್ಪೀಕರು ಬದಲಾಯಿಸಿದೆ. ಕ್ಯಾಮೆರಾದ ಮೆನುವಿನಲ್ಲಿ ಆಡಿಯೋ ಅಂತ ಬರೆದಿದ್ದನ್ನೆಲ್ಲ ಒಂದು ಸುತ್ತು ಒತ್ತಿದೆ. ಒಂದರಲ್ಲಿ ದನಿಯೇ ನಿಂತುಹೋಯಿತು, ಹಿಂದಕ್ಕೆ ತಂದರೆ ಮತ್ತದೇ ದಪ್ಪ. ಅಷ್ಟರಲ್ಲಿ ಅಡುಗೆಮನೆಯಿಂದ ನಿನ್ನ ಅತ್ತೆ ಒದ್ದೆ ಕೈಯಲ್ಲೇ ಓಡಿಬಂದಳು.

“ಅಯ್ಯೋ, ಅತ್ತಿಗೆ!” ಅಂದವಳು ಬಾಗಿಲು ಹಿಡಿದು ನಿಂತೇಬಿಟ್ಟಳು.

“ತಾಳೇ, ಇನ್ನೂ ಸರಿಯಾಗಿಲ್ಲ. ದನಿ ದಪ್ಪ ಬರ್ತಿದೆ.”

“ಏನು ಸರಿಯಾಗಿಲ್ಲ? ನಿಮ್ಮ ದನಿ ಹೇಗಿದೆ ಕೇಳಿ.”

ಕೇಳಿದೆ. ಕ್ಯಾಮೆರಾದ ಹಿಂದೆ ನಿಂತು ನಾನು ಕೊಚ್ಚಿಕೊಳ್ಳುತ್ತಿದ್ದೆ, ಸಿನಿಮಾದವರು ಬಂದು ನನ್ನ ಹತ್ತಿರ ಕಲಿಯಬೇಕು ಅಂತ. ಥೇಟ್ ನಾನೇ. ಒಂದೇ ಟೇಪು, ಒಂದೇ ವೈರು. ನನ್ನದು ಸರಿಯಿದ್ದರೆ ಅವಳದೂ ಸರಿ.

“ಅತ್ತಿಗೆ ದನಿ ಇದ್ದದ್ದೇ ಹಾಗೆ,” ಅಂದಳು ನಿನ್ನ ಅತ್ತೆ. “ಬಾವಿ ಒಳಗಿಂದ ಮಾತಾಡಿದ ಹಾಗೆ. ನಿಮ್ಮ ತಲೇಲಿ ಕೂತಿರೋದು ನೀವು ಮಾಡ್ತಿದ್ದ ದನಿ.”

ಅದಕ್ಕೇ ಮಗಳೇ, ಲಕೋಟೆಯಲ್ಲಿರುವ ಪೆನ್‌ಡ್ರೈವ್ ಹಾಕುವ ಮುಂಚೆ ಇದನ್ನು ಓದು. ಅಮ್ಮ ಹೋದ ಮೇಲೆ ನಮ್ಮ ಮನೆಗೆ ಬಂದೆಯಲ್ಲ, ಆಗ ತುತ್ತು ಬಾಯಿಗಿಟ್ಟರೆ ಉಗುಳುತ್ತಿದ್ದೆ. ನಾನು ಬಾಗಿಲ ಹಿಂದೆ ನಿಂತು ಅಮ್ಮನ ದನಿ ತೆಗೆದು “ಚಿನಕುರಳೀ, ಆ ಅನ್ನೂ” ಅನ್ನುತ್ತಿದ್ದೆ. ನೀನು ಬಾಯಿ ತೆರೆಯುತ್ತಿದ್ದೆ. ಅದು ನಾನೇ ಅಂತ ಗೊತ್ತಾದ ಮೇಲೂ “ಅಮ್ಮನ ಹಾಗೆ ಮಾತಾಡು ಮಾವ” ಅಂತ ಪೀಡಿಸುತ್ತಿದ್ದೆ. ಶಾಲೆಯ ನಾಟಕದಲ್ಲಿ ಹೆಣ್ಣುಪಾತ್ರವೆಲ್ಲ ನನಗೇ ಮೀಸಲು. ನನ್ನ ರಾಣಿ ಸತ್ತಾಗ ಹೆಡ್‌ಮಾಸ್ತರರ ಹೆಂಡತಿ ಸೆರಗಲ್ಲಿ ಮೂಗು ಒರೆಸಿಕೊಂಡಿದ್ದಳು. ಆ ರಾಣಿಯ ದನಿಯನ್ನೇ ಸ್ವಲ್ಪ ಮೆತ್ತಗೆ ಮಾಡಿ ನಿನ್ನ ಅಮ್ಮನಿಗೆ ಕೊಟ್ಟಿದ್ದೆ. ನೀನು ಬರೆದ ಆ ಸಣ್ಣ ದನಿ, ಕೊನೆಯ ರಾಗ, ಅಮ್ಮನದಲ್ಲ. ನನ್ನ ರಾಣಿಯದು.

ಕಳಿಸಲೋ ಬೇಡವೋ ಅಂತ ಮೇಜಿನ ಮೇಲೇ ಇಟ್ಟುಕೊಂಡು ಕೂತಿದ್ದೆ. ತಡವಾದದ್ದು ವೈರಿನಿಂದಲ್ಲ. ಕೊನೆಗೆ ನಿನ್ನ ಅತ್ತೆ, “ಅದು ಅವಳಮ್ಮನ ದನಿ, ಬಚ್ಚಿಡೋಕೆ ನೀವ್ಯಾರು?” ಅಂದಳು. ಎದ್ದು ಹೋಗಿ ಲಕೋಟೆ ತಂದೆ, ಅದಾದರೂ ನನ್ನದೇ ತೀರ್ಮಾನ ಅಂತಿಟ್ಟುಕೋ.

ಮೊದಲ ಸಲ ಕೇಳಿದಾಗ ಬೇರೆ ಯಾರದೋ ಅನ್ನಿಸಿದರೆ ಹೆದರಬೇಡ. ನಿಲ್ಲಿಸಿ, ನೀರು ಕುಡಿದು, ಮತ್ತೆ ಕೇಳು. “ಅಲ್ಲಾಡಬೇಡ ಕಣೇ, ಬೈತಲೆ ಸೊಟ್ಟಗಾಗುತ್ತೆ” ಅನ್ನುವುದು ನಿನಗೇ ಹೇಳಿದ್ದು, ಇನ್ಯಾರಿಗೂ ಅಲ್ಲ.

ಹಿಡಿದ ಕೆಲಸ ಕೈಗೂಡಲಿ, ಹೊತ್ತು ಹೊತ್ತಿಗೆ ಊಟ ಸೇರಲಿ, ನಗು ನಿನ್ನ ಮನೆ ಬಿಟ್ಟು ಎಲ್ಲೂ ಹೋಗದಿರಲಿ.

ನಿನ್ನ ಸೋದರಮಾವ
(ಮೋಟಾರು, ಮಿಕ್ಸಿ, ಈಗ ವಿಡಿಯೋ ಕೂಡ)

ತಾ.ಕ. ನಿನಗೇನೋ ಹೆದರಬೇಡ ಅಂತ ಬರೆದೆ. ನೀನು ಆಗ ಪುಟ್ಟ ಮಗು, ಮರೆತರೆ ಯಾರೂ ಏನೂ ಅನ್ನುವ ಹಾಗಿಲ್ಲ. ನಾನು ಅಕ್ಕನ ಸೊಂಟದ ಮೇಲೆ ಬೆಳೆದವನು. ಟೇಪಿನಲ್ಲಿ ಒಂದು ಕಡೆ ಅವಳು ನನ್ನತ್ತ ತಿರುಗಿ, “ಲೋ ಕೋತಿ, ಸಾಕು ಇಡೋ ಅದನ್ನ” ಅನ್ನುತ್ತಾಳೆ. ನನ್ನನ್ನು ಹಾಗೆ ಕರೆಯುತ್ತಿದ್ದವಳು ಅವಳೊಬ್ಬಳೇ. ನಿನ್ನ ಅತ್ತೆ ಕಣ್ಣೊರೆಸಿಕೊಂಡಳು. ನನಗೆ ಮಾತ್ರ ಯಾರೋ ಗುರುತಿಲ್ಲದ ಹೆಂಗಸು ಅಕ್ಕನ ಬಾಯಲ್ಲಿ ಕೂತು ಕರೆದ ಹಾಗಾಯಿತು. ಕಣ್ಣು ಮುಚ್ಚಿ ಅವಳನ್ನು ನೆನೆದರೆ ರಾಣಿಯೇ ಮಾತಾಡುತ್ತಾಳೆ. ಈಗ ದಿನಾ ಬೆಳಿಗ್ಗೆ ಅಂಗಡಿಗೆ ಹೊರಡುವ ಮುಂಚೆ ಒಂದು ಸಲ ಹಾಕಿ ಕೇಳುತ್ತೇನೆ. ನಿನ್ನೆ “ಲೋ” ಅನ್ನುವುದೊಂದು ಅಕ್ಕನದು ಅನ್ನಿಸಿತು. “ಕೋತಿ” ಇನ್ನೂ ಬಂದಿಲ್ಲ.