ಹಲ್ಲುಬ್ಬನ ವಿಳಾಸ

ಓಡ್ಲೈವ್,

ಕ್ಯಾಮೆರಾ ತೆಗೆದುಕೊಂಡು, ಸಮುದ್ರದಲ್ಲಿ ಮುಳುಗಿ ಫೋಟೋ ತೆಗೆಯಲು ಹೊರಟಿದ್ದೇನೆ. ಎಲ್ಲಿಗೆ ಎಂದು ಈ ಸಲ ನಿನಗೆ ಹೇಳುವುದಿಲ್ಲ.

ಕಾಫಿ ಫ್ಲಾಸ್ಕಿನಲ್ಲಿದೆ. ಒಣಗಲು ಹಾಕಿರುವ ಕೈಗವಸುಗಳನ್ನು ಒಲೆಯ ಹತ್ತಿರ ತರಬೇಡ, ರಬ್ಬರ್ ಹಾಳಾಗುತ್ತದೆ.

"ಸಮುದ್ರಕ್ಕೆ ಇಳಿದು ಬರಿಗೈಲಿ ಬರೋಳು ಈ ಊರಲ್ಲಿ ನೀನೊಬ್ಬಳೇ ಕಣೇ" ಅಂತ ನೀನು ಎರಡು ವರ್ಷ ನಕ್ಕೆ. ನಗು, ಪರವಾಗಿಲ್ಲ. ಆದರೆ ನನ್ನ ಹಲ್ಲುಬ್ಬನ, ಆ ಕೋರೆಹಲ್ಲಿನ ತೋಳಮೀನಿನ ಫೋಟೋ ನೋಡಿ "ಎಷ್ಟ್ ಚೆನ್ನಾಗಿದೆ, ಎಲ್ಲಿ ತೆಗ್ದೆ?" ಅಂದೆಯಲ್ಲ, ಮೆಚ್ಚಿದೆ ಎಂದೇ ನಂಬಿ ಬಂಡೆಯ ಗುರುತು ಸಮೇತ ಹೇಳಿಬಿಟ್ಟೆ. ಮರುದಿನ ನೀನು ಅಲ್ಲೇ ಬಲೆ ಬಿಟ್ಟೆ. ಸಂಜೆಗೆ ಅವನು ನಮ್ಮ ಬಾಣಲೆಯಲ್ಲಿದ್ದ. ಮೊಟ್ಟೆಗಳನ್ನು ಮೈಯಿಂದ ಸುತ್ತಿ ಕಾಯುತ್ತಿದ್ದ ಅಪ್ಪ ಅವನು. ನೀನು ಬೆಣ್ಣೆ ಹಾಕಿ ಹುರಿದೆ.

ಈಗ ಇನ್ನೊಬ್ಬ ಹಲ್ಲುಬ್ಬ ಸಿಕ್ಕಿದ್ದಾನೆ. ಅವನೂ ಮೊಟ್ಟೆ ಕಾಯುತ್ತಿದ್ದಾನೆ.

ಮುಳುಗುವವರು ಜಾಗ ತಿಳಿಸಿಯೇ ಹೋಗಬೇಕು, ಗೊತ್ತು. ಬರೆದು, ಲಕೋಟೆ ಅಂಟಿಸಿ, ನಿನ್ನ ಅಕ್ಕ ಗುಡ್ಲಾಗ್ ಕೈಗೆ ಕೊಟ್ಟಿದ್ದೇನೆ. ಎರಡು ಗಂಟೆಗೆ ನಾನು ಬಾರದಿದ್ದರೆ ಮಾತ್ರ ಒಡೆಯುತ್ತಾಳೆ. "ನನ್ನ ತಮ್ಮ ಕಾಲಿಗೆ ಬಿದ್ರೂ ಕೊಡಲ್ಲ, ನೀನ್ ಹೋಗು" ಅಂದಿದ್ದಾಳೆ.

ಆಲೂಗಡ್ಡೆ ಬೇಯಿಸಿಟ್ಟಿದ್ದೇನೆ. ಮೀನು ಬೇಕಾದರೆ ಗೋಡೆಯ ಮೇಲೆ ಫೋಟೋ ಇದೆ. ನೋಡಿಕೊಂಡು ತಿನ್ನು.

ಸಿಗ್ನೆ