ಗುಡಾಣದ ಹಿಂದಿನ ನವಿಲು

ಮದ್ರಾಸು, ೧೯೧೭

ಅಕ್ಕ ಸುವರ್ಣಮ್ಮನಿಗೆ ತಮ್ಮ ಹಾಲಸ್ವಾಮಿಯ ಶರಣು.

ಮೂರು ಲೋಕಕ್ಕೂ ತಿಳಿಯಲಿ: ನಿನ್ನೆ ನಾನು ಬೆರಳು ಕೊಯ್ದುಕೊಳ್ಳದೆ ಒಂದು ಪೆನ್ಸಿಲು ಕೆತ್ತಿದೆ. ಚಿತ್ರಶಾಲೆ ಸೇರಿ ಎರಡು ವರ್ಷಕ್ಕೆ ಇಷ್ಟು ವಿದ್ಯೆ ಕೈಗೆ ಹತ್ತಿತು.

ನಿನ್ನ ಪತ್ರ ಬಂತು. ಅವ್ವ ಪ್ಲೇಗಿನಲ್ಲಿ ಹೋದದ್ದು ನನಗೆ ಹನ್ನೊಂದು ದಿನ ತಡವಾಗಿ ತಿಳಿಯಿತು. ನೀವೆಲ್ಲ ಊರ ಹೊರಗಿನ ಗುಡಿಸಲು ಬಿಟ್ಟು ಹೊಸಪೇಟೆಯ ಮನೆಗೆ ಮರಳಿದ್ದನ್ನೂ, ಮುಂದಿನ ಸೋಮವಾರ ಗೋಡೆಗಳಿಗೆಲ್ಲ ಸುಣ್ಣ ಹೊಡೆಸುವುದನ್ನೂ ಓದಿದೆ. ಹೊಡೆಸಲೇಬೇಕು.

ಇಲ್ಲಿ ನಮ್ಮ ಮೇಷ್ಟ್ರು, ಮನೆಯ ಹೆಂಗಸರು ಗೋಡೆಗೆ ಬರೆಯುವ ಚಿತ್ರಗಳ ನಕಲು ತನ್ನಿ ಎಂದಿದ್ದಾರೆ. ಅಂಥ ಕೈಚಳಕ ಪುಸ್ತಕದಲ್ಲಿ ಸಿಗುವುದಿಲ್ಲವಂತೆ. ಹೋದ ರಜೆಯಲ್ಲಿ ಈ ಮಹಾಪಂಡಿತ ಮಾಡಿದ ಘನಕಾರ್ಯ ನಿನಗೆ ಗೊತ್ತೇ ಇದೆ. ಅಡುಗೆಮನೆಯಲ್ಲಿ ಅವ್ವ ಬರೆದಿದ್ದ ನವಿಲುಗಳಿಗೆ ಕಾಲು ಸೊಟ್ಟ, ಗರಿ ಒಂದೇ ಕಡೆಗೆ ಭಾರ ಎಂದು ಕೈವಾರ ಇಟ್ಟು ಅಳೆದು ತೋರಿಸಿದೆ.

“ಇಷ್ಟು ದಿನ ಕುಂಟಿಕೋತ ಬಂದಾವು. ಇನ್ನ ಮದ್ರಾಸ್ ಸಾಲ್ಯಾಗ ಕಲ್ತಂಗ ನಡೀಲಿ ಬಿಡಪ್ಪ” ಎಂದು ಅವ್ವ ತಾನೇ ಅಳಿಸಿ, ನಾನು ಹೇಳಿದಂತೆ ಬರೆದಳು. ಈಗ ಗೋಡೆಯ ಮೇಲಿರುವವು ನನ್ನ ನವಿಲುಗಳು. ಅವನ್ನು ಯಾರಿಗೆ ತೋರಿಸಲಿ?

ಜೋಳದ ಗುಡಾಣ ಭಾರವೆಂದು ಅದರ ಹಿಂದಿನ ಒಂದನ್ನು ಮಾತ್ರ ಅವಳು ಅಳಿಸಿರಲಿಲ್ಲ.

ಸೋಮವಾರಕ್ಕೆ ಮುಂಚೆ ಭಾವನವರಿಗೆ ಹೇಳಿ ಗುಡಾಣ ಸರಿಸು. ಈ ಲಕೋಟೆಯೊಳಗೆ ತೆಳು ಕಾಗದ ಇಟ್ಟಿದ್ದೇನೆ. ಗೋಡೆಗೆ ಹಿಡಿದು ಗೆರೆ ತೆಗೆದು ಕಳಿಸು. ಸೊಟ್ಟ ಕಂಡಲ್ಲಿ ದಯವಿಟ್ಟು ತಿದ್ದಬೇಡ.

ನಿನ್ನ ತಮ್ಮ,
ಹಾಲಸ್ವಾಮಿ