‘ಬರ್ತೀನಿ’ ಎಂದು ಹೋದ ನೂರೈವತ್ತಾರು ಮಂದಿಯ ಸಹಿ

ಮಾನ್ಯ ಸಂಶೋಧನಾ ಮಂಡಳಿಯ ಅಧ್ಯಕ್ಷರೇ,

ಶೃಂಗೇರಿಯಲ್ಲಿ ನೂರೈವತ್ತಾರು ಮಂದಿ ಒಂದು ಯಂತ್ರದ ಮುಂದೆ ನಿಂತು ‘ಬರ್ತೀನಿ’ ಎಂದು ಹೇಳಿ ಹೋದರು, ಆಮೇಲೆ ಬರಲಿಲ್ಲ. ಆದ್ದರಿಂದ ಅವರನ್ನು ನಾನು ಮನೆಯಲ್ಲಿ ಕೂತು ಹುಟ್ಟಿಸಿದ್ದೇನೆ ಎಂಬುದು ತಮ್ಮ ಮಂಡಳಿಯ ತೀರ್ಮಾನ. ಈ ತಿಂಗಳ ಮೂವತ್ತರೊಳಗೆ ಅಷ್ಟೂ ಮಂದಿ ಮರಳಿ ಬಂದಿದ್ದರು ಎಂಬುದಕ್ಕೆ ಸಹಿ ಸಮೇತ ಪುರಾವೆ ಕೊಡದಿದ್ದರೆ ನನ್ನ ಪಿಎಚ್.ಡಿ. ನೋಂದಣಿ ರದ್ದಾಗುವುದಲ್ಲದೆ, ‘ಅಂಕಿ ಅಂಶಗಳ ಸೃಷ್ಟಿ’ ಎಂಬ ಷರಾ ನನ್ನ ಹೆಸರಿನ ಮುಂದೆ ಕೂರುತ್ತದಂತೆ. ಈ ಬಗ್ಗೆ ತಮಗೆ ಎರಡು ಪತ್ರ ಬರೆದೆ. ಎರಡಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂತು, ಅದೂ ಒಂದೇ ಸಂಖ್ಯೆ ಹಾಕಿಕೊಂಡು. ಹಾಗಾಗಿ ಮೂರನೆಯದನ್ನು ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಇದನ್ನಾದರೂ ಊರವರು ಓದಿಯಾರು.

ನಾನು ಕೊಪ್ಪದ ಒಂದು ಕಾಲೇಜಿನಲ್ಲಿ ವ್ಯವಹಾರ ನಿರ್ವಹಣೆಯ ಉಪನ್ಯಾಸಕಿ. ತವರು ನರಸಿಂಹರಾಜಪುರ. ಅಪ್ಪ ಅಬ್ದುಲ್ ಸಲಾಂ ಅಲ್ಲಿ ಗಡಿಯಾರ ರಿಪೇರಿ ಮಾಡುತ್ತಾರೆ. ಜನರಿಗೂ ಯಂತ್ರಕ್ಕೂ ನಡುವೆ ಮಾತುಕತೆ ಹೇಗೆ ನಡೆಯಬೇಕು, ಯಾವ ಗುಂಡಿ ಎಲ್ಲಿರಬೇಕು, ಅದರ ಮೇಲೆ ಏನು ಬರೆದಿರಬೇಕು ಎಂದು ವಿಚಾರ ಮಾಡುವ ಶಾಸ್ತ್ರಕ್ಕೆ ಸಂವಾದ ವಿನ್ಯಾಸ ಎಂದು ಹೆಸರು. ಅದರಲ್ಲಿ ಸಂಶೋಧನೆ ಮಾಡುತ್ತೇನೆ ಎಂದಾಗ ಅಪ್ಪ ಕಣ್ಣಿನ ಭೂತಗನ್ನಡಿ ತೆಗೆಯದೆಯೇ, “ಗಡಿಯಾರ ನೋಡಿದ ಕೂಡ್ಲೆ ಟೈಮ್ ಗೊತ್ತಾಗ್ಬೇಕು, ಅಷ್ಟೇ ಅಲ್ವನೆ? ಅದಕ್ಕೆ ಆರು ವರ್ಷ ಬೇಕಾ?” ಎಂದು ಕೇಳಿದ್ದರು. ಅವರ ಮಾತನ್ನು ಆಗ ಲಘುವಾಗಿ ತೆಗೆದುಕೊಂಡೆ, ತಪ್ಪು ಮಾಡಿದೆ.

ನಡೆದದ್ದು ಇಷ್ಟು. ಶೃಂಗೇರಿಯ ಒಂದು ಸಹಕಾರ ಸಂಘದವರು ೨೦೦೫ರಲ್ಲಿ ತಮ್ಮ ಅಂಗಡಿಯ ಜಗಲಿಯಲ್ಲಿ ಬೆರಳಿನಿಂದ ಮುಟ್ಟಿ ನಡೆಸುವ ಯಂತ್ರವೊಂದನ್ನು ಇಟ್ಟರು. ಜನ ಬಂದು ಹೆಸರು ಒತ್ತಿ, ತಮಗೆ ಬೇಕಾದ ಸಾಮಾನು ಆರಿಸಿ ಹೋದರೆ, ಶನಿವಾರ ಅವರ ಊರಿನ ಜೀಪಿಗೆ ಅದು ಬರುತ್ತದೆ. ಯಂತ್ರ ತಯಾರಿಸಿದವರು ಪಟ್ಟಣದವರು. ಅದರ ಕನ್ನಡವನ್ನು ಯಾರು ಬರೆದರೋ ದೇವರೇ ಬಲ್ಲ. ‘ಹಿಂದೆ ನೋಡಿ’ ಎಂಬ ಗುಂಡಿ ಕಂಡು ಪುಟ್ಟಕ್ಕ ಎಂಬವರು ತಿರುಗಿ ಹಿಂದೆ ನೋಡಿ, ಯಾರೂ ಇಲ್ಲವಲ್ಲ ಎಂದು ನನ್ನನ್ನೇ ಕೇಳಿದ್ದುಂಟು. ಆದರೆ ನಿಜವಾದ ತೊಂದರೆ ಕೊನೆಯ ಗುಂಡಿಯದು. ಕೆಲಸ ಮುಗಿದ ಮೇಲೆ ಅದನ್ನು ಒತ್ತಿದರೆ ಮಾತ್ರ ಒಬ್ಬರ ಹೆಸರು ಮುಚ್ಚಿ ಮುಂದಿನವರ ಹೆಸರಿಗೆ ಜಾಗವಾಗುತ್ತದೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ ‘ಹೋಗು’ ಎಂದು ಬರೆದಿತ್ತು.

ಯಾರೂ ಒತ್ತಲಿಲ್ಲ. ಒತ್ತದೆ ಹೋದದ್ದರಿಂದ ಮುಂದೆ ಬಂದವರು ಆರಿಸಿದ್ದೆಲ್ಲ ಹಿಂದಿನವರ ಹೆಸರಿಗೆ ಸೇರುತ್ತ ಹೋಯಿತು. ಬೇಗಾರಿನ ಸುಲೋಚನಮ್ಮ ಕುಕ್ಕರಿನ ರಬ್ಬರು ಬೇಕೆಂದು ಒತ್ತಿ ಹೋದರೆ, ಶನಿವಾರ ಅವರ ಮನೆಯ ಮುಂದೆ ರಬ್ಬರಿನ ಜತೆಗೆ ಐದು ಕಿಲೊ ಮೈಲುತುತ್ತವೂ ಇಳಿಯಿತು. ಅದು ಮೆಣಸೆಯ ಗಿಡ್ಡಯ್ಯನವರಿಗೆ ತೋಟಕ್ಕೆ ಹೊಡೆಯಲು ಬೇಕಾಗಿದ್ದ ಔಷಧಿ. ಗಿಡ್ಡಯ್ಯನವರ ಹೆಸರಿಗೆ ಏನೂ ಬರಲಿಲ್ಲ. ಜೀಪಿನವನ ಕೈಯಲ್ಲಿ ಅವರು ಸಂಘಕ್ಕೆ ಹೇಳಿ ಕಳಿಸಿದ ಮಾತನ್ನು ಪ್ರಬಂಧದಲ್ಲಿ ಹಾಕುವಂತಿರಲಿಲ್ಲ. ಸಂಘದವರು ಯಂತ್ರವನ್ನು ಗೋಣಿಯಲ್ಲಿ ಕಟ್ಟಿ ವಾಪಸು ಕಳಿಸುವ ಹೊತ್ತಿಗೆ ನಾನು ಹೋಗಿ, ಏಳು ತಿಂಗಳು ಕೊಡಿ, ಜನ ಯಾಕೆ ಒತ್ತುವುದಿಲ್ಲ ಎಂದು ಕಂಡುಹಿಡಿದು ಹೇಳುತ್ತೇನೆ ಎಂದೆ.

ಏಳು ತಿಂಗಳು, ಪ್ರತಿ ಶುಕ್ರವಾರ ಮತ್ತು ಭಾನುವಾರ, ಆ ಜಗಲಿಯ ಬೆಂಚಿನ ಮೇಲೆ ಕೂತೆ. ತಮ್ಮ ಮಂಡಳಿಯ ಭಾಷೆಯಲ್ಲಿ ಇದಕ್ಕೆ ‘ಕ್ಷೇತ್ರ ವೀಕ್ಷಣೆ’ ಎನ್ನುತ್ತಾರೆ. ಊರವರ ಭಾಷೆಯಲ್ಲಿ ‘ಆ ಮೇಡಂಗೆ ಮನೇಲಿ ಕೆಲಸ ಇಲ್ವಾ’ ಎನ್ನುತ್ತಾರೆ. ಎರಡನ್ನೂ ಸಹಿಸಿಕೊಂಡೆ. ಕೊನೆಗೊಂದು ಭಾನುವಾರ ಸುಲೋಚನಮ್ಮ ಎಲ್ಲ ಮುಗಿಸಿ, ಬೆರಳನ್ನು ಆ ಗುಂಡಿಯ ಹತ್ತಿರ ಒಯ್ದು, ಹಾಗೆಯೇ ಹಿಂದಕ್ಕೆ ತೆಗೆದರು.

“ಒತ್ತಿ ಅಮ್ಮ,” ಎಂದೆ.

“ಎಂತ ಮಾರಾಯ್ತಿ ಇದು? ಕೆಲಸ ಆದ್ ಕೂಡ್ಲೆ ಹೋಗು ಅಂತದೆ. ಅಂಗಳಕ್ಕೆ ಬಂದ ನಾಯಿಗೂ ಮೊದ್ಲು ಒಂದು ಹಿಡಿ ಅನ್ನ ಹಾಕಿ ಆಮೇಲೆ ಹಾಂಗೆ ಹೇಳೂದು.”

“ಅದು ನಿಮಗೆ ಹೇಳೂದಲ್ಲ. ನೀವು ಹೋಗ್ತೀನಿ ಅಂತ ಅದಕ್ಕೆ ಹೇಳೂದು.”

“ಅದಂತೂ ಆಗೂದೇ ಇಲ್ಲ. ಹೊರಡುವಾಗ ಬತ್ತೆ ಅಂತ ಹೇಳೂದಪ್ಪ. ಹೋಗ್ತೆ ಅಂತ ಬಾಯಿ ಬಿಟ್ಟು ಯಾರಾದ್ರೂ ಹೇಳ್ತಾರ? ಹಾಂಗೆ ಹೇಳಿ ಹೋದವ್ರು ಮತ್ತೆ ಬರೂದಿಲ್ಲ.”

ಅಧ್ಯಕ್ಷರೇ, ನನಗೆ ನಾಚಿಕೆಯಾಯಿತು. ಇದು ನನಗೆ ಗೊತ್ತಿಲ್ಲದ ಸಂಗತಿಯೇ? ನಮ್ಮ ಮನೆಯ ಉರ್ದುವಿನಲ್ಲೂ ಹೊರಡುವಾಗ ‘ಆತೂಂ’ ಎನ್ನುತ್ತೇವೆ, ಬರುತ್ತೇನೆ ಎಂದೇ ಅದರ ಅರ್ಥ. ಒಮ್ಮೆ ಪರೀಕ್ಷೆಯ ಗಡಿಬಿಡಿಯಲ್ಲಿ ‘ಹೋಗ್ತೀನಿ’ ಎಂದುಬಿಟ್ಟೆನೆಂದು ಅಮ್ಮ ನನ್ನನ್ನು ಹೊಸ್ತಿಲ ಒಳಗೆ ಕರೆದು, ನೀರು ಕುಡಿಸಿ, ಸರಿಯಾಗಿ ಹೇಳಿಸಿ ಕಳಿಸಿದ್ದರು. ಆ ಬಸ್ಸು ತಪ್ಪಿತು. ಅಂಥ ಮನೆಯಲ್ಲಿ ಬೆಳೆದು, ಪುಸ್ತಕ ಓದಿ ಓದಿ, ಕಣ್ಣೆದುರಿನ ಗುಂಡಿಯಲ್ಲಿ ಏನು ತಪ್ಪಿದೆಯೆಂದು ಕಾಣದಷ್ಟು ವಿದ್ಯಾವಂತೆಯಾಗಿದ್ದೆ.

ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ಕಶ್ಯಪ ಅವರಿಗೆ ಹೇಳಿ ‘ಹೋಗು’ ಅಳಿಸಿ ‘ಬರ್ತೀನಿ’ ಎಂದು ಹಾಕಿಸಿದೆ. ಹತ್ತು ನಿಮಿಷದ ಕೆಲಸ. “ಇಷ್ಟಕ್ಕೆಲ್ಲ ಡಾಕ್ಟರೇಟ್ ಕೊಡ್ತಾರಾ ಮೇಡಂ?” ಎಂದು ಅವರು ಕೇಳಿದರು. ಮುಂದಿನ ತಿಂಗಳು ಯಂತ್ರದ ಮುಂದೆ ನಿಂತ ಇನ್ನೂರ ಹನ್ನೆರಡು ಮಂದಿಯಲ್ಲಿ ನೂರ ಎಂಬತ್ತೇಳು ಮಂದಿ ಆ ಗುಂಡಿ ಒತ್ತಿದರು. ಕೆಲವರು ಒತ್ತುವಾಗ ಬಾಯಲ್ಲೂ ಹೇಳಿದರು. ಗಿಡ್ಡಯ್ಯನವರು ಯಂತ್ರಕ್ಕೆ ತಲೆ ಬೇರೆ ಆಡಿಸಿದರು. ಸಾಮಾನು ಅವರವರ ಮನೆಗೆ ಹೋಗತೊಡಗಿತು, ಸಂಘದ ವ್ಯವಹಾರ ದುಪ್ಪಟ್ಟಾಯಿತು. ಕೊಪ್ಪದಲ್ಲೂ ನರಸಿಂಹರಾಜಪುರದಲ್ಲೂ ಅಂಥದ್ದೇ ಯಂತ್ರ ಇಟ್ಟರು. ಇದು ನನ್ನ ಸಂಶೋಧನೆ. ಸಣ್ಣದು, ಒಪ್ಪುತ್ತೇನೆ. ಆದರೆ ನಿಜ.

ಗ್ರಹಚಾರ ಶುರುವಾದದ್ದು ಬರೆಯುವಾಗ. ವ್ಯವಹಾರ ನಿರ್ವಹಣೆಯ ಪ್ರಬಂಧ ಇಂಗ್ಲಿಷಿನಲ್ಲೇ ಇರತಕ್ಕದ್ದು ಎಂಬುದು ತಮ್ಮ ನಿಯಮ. ‘ಬರ್ತೀನಿ’ಯನ್ನು ಇಂಗ್ಲಿಷಿಗೆ ದಾಟಿಸಿದ ಕೂಡಲೇ ಅದು ನಿಜವಾಗಿಯೂ ಬರುವ ಮಾತಾಯಿತು. ಹದಿನಾಲ್ಕನೆಯ ಕೋಷ್ಟಕದಲ್ಲಿ ‘ಬರುತ್ತೇನೆ ಎಂದವರು ೧೮೭, ಮರುವಾರ ಬಂದವರು ೩೧’ ಎಂದಿತ್ತು. ತಮ್ಮ ಮಂಡಳಿ ಕಳೆಯುವ ಲೆಕ್ಕ ಮಾಡಿತು. ಉಳಿದ ನೂರೈವತ್ತಾರು ಮಂದಿ ಎಲ್ಲಿ ಎಂದು ಕೇಳಿತು. ಇದನ್ನೆಲ್ಲ ನಾನು ಮೂರನೆಯ ಅಧ್ಯಾಯದಲ್ಲಿ ಇಪ್ಪತ್ತೆರಡು ಪುಟ ವಿವರಿಸಿದ್ದೆ. ‘ಸದರಿ ಅಧ್ಯಾಯವು ಸ್ಥಳೀಯ ಆಚಾರಗಳಿಗೆ ಸಂಬಂಧಿಸಿದ್ದಾದ್ದರಿಂದ ಪರಿಗಣಿಸಲಾಗಿಲ್ಲ, ಹೊರಡುವವರು ಬರುತ್ತೇನೆ ಎಂದ ಉದಾಹರಣೆ ಉಲ್ಲೇಖಿತ ವಿದೇಶಿ ಸಂಶೋಧನೆಗಳಲ್ಲಿ ಕಂಡುಬರುವುದಿಲ್ಲ’ ಎಂದು ತಾವು ಬರೆದಿರಿ. ಸ್ವಾಮಿ, ಮಂಡಳಿಯ ಐವರಲ್ಲಿ ನಾಲ್ವರು ಕನ್ನಡಿಗರು. ತಾವು ಬೆಳಗ್ಗೆ ಮನೆಯಿಂದ ಹೊರಡುವಾಗ ಏನೆಂದು ಹೇಳಿ ಹೊರಡುತ್ತೀರಿ? ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರ ಬಗ್ಗೆ ಕೇಳಿದ್ದೆ. ಹಸು ಈದಿದೆ ಎಂದರೂ ಎತ್ತಿನ ಸಹಿ ತನ್ನಿ ಎನ್ನುವವರನ್ನು ಈಗಷ್ಟೇ ಕಂಡೆ.

ಆದರೂ ವಿಧೇಯಳಾಗಿ ಸಹಿಗೆಂದು ಹೊರಟೆ. ಸುಲೋಚನಮ್ಮ ಕಾಗದವನ್ನು ಓದಿಸಿ ಕೇಳಿ, “ನಾನು ಬತ್ತೆ ಅಂದದ್ದು ಸುಳ್ಳು ಅಂತನಾ ಅವ್ರು ಹೇಳೂದು?” ಎಂದು ಮುಖ ಸಣ್ಣ ಮಾಡಿದರು. ಎರಡನೆಯ ಮನೆಗೆ ಹೋಗುವ ಧೈರ್ಯ ಬರಲಿಲ್ಲ. ಅಷ್ಟರಲ್ಲಿ ತಮ್ಮ ನೋಟಿಸಿನ ಪ್ರತಿ ಕಾಲೇಜಿಗೂ ಬಂದು, ಸಿಬ್ಬಂದಿ ಸಭೆಯಲ್ಲಿ ಗಟ್ಟಿಯಾಗಿ ಓದಲ್ಪಟ್ಟಿತ್ತು. ಮುಂದಿನ ವರ್ಷ ಶುರುವಾಗಬೇಕಾದ ಡಿಜಿಟಲ್ ಮಾಧ್ಯಮದ ಪಾಠವನ್ನು ನನಗೆ ಕೊಡುವ ಮಾತು ಅಲ್ಲಿಗೆ ನಿಂತಿತು. ಇಷ್ಟು ಹೊತ್ತು ತಮಾಷೆಯಾಗಿ ಬರೆದೆ, ಆದರೆ ಒಂದು ಮಾತು ನೇರವಾಗಿ ಹೇಳುತ್ತೇನೆ: ನನಗೆ ಬಹಳ ನೋವಾಗಿದೆ. ಪದವಿ ಸಿಗದಿದ್ದರೆ ಬದುಕಬಹುದು. ಸುಳ್ಳಿ ಎನಿಸಿಕೊಂಡು ಕೊಪ್ಪದಂಥ ಸಣ್ಣ ಊರಿನಲ್ಲಿ ತರಗತಿಗೆ ಹೋಗಿ ನಿಲ್ಲುವುದು ಕಷ್ಟ.

ಕಳೆದ ಮಂಗಳವಾರ ಮೊದಲ ಬಸ್ಸಿಗೆ ಹೊರಟು ತಮ್ಮ ಕಚೇರಿಗೆ ಬಂದದ್ದು ತಮಗೆ ನೆನಪಿರಬಹುದು. ಮೂರೂಕಾಲಿಗೆ ಒಳಗೆ ಕರೆದಿರಿ. “ಮೇಡಂ, ಡೇಟಾ ಅಂದ್ರೆ ಡೇಟಾ. ಬರ್ತೀನಿ ಅಂದ ಮೇಲೆ ಬರಬೇಕಲ್ವಾ?” ಎಂದಿರಿ. ಫೋನು ಬಂತು. ಮಾತಾಡಿ, ಚೀಲ ಎತ್ತಿಕೊಂಡು, “ಸರಿ ಮೇಡಂ, ನಾನು ಬರ್ತೀನಿ” ಎಂದು ಹೊರಟಿರಿ.

ನಾನು ಇಕ್ಕಟ್ಟಿಗೆ ಸಿಕ್ಕೆ. ನನ್ನ ಪ್ರಬಂಧದ ಪ್ರಕಾರ ತಾವು ಹೋದಿರಿ. ತಮ್ಮ ಮಂಡಳಿಯ ಪ್ರಕಾರ ತಾವು ಬರುತ್ತೀರಿ. ಮಂಡಳಿ ದೊಡ್ಡದು, ಅದರ ಮಾತಿಗೆ ಬೆಲೆ ಕೊಟ್ಟು ಅಲ್ಲೇ ಕೂತೆ. ಐದೂವರೆಗೆ ತಮ್ಮ ಕಚೇರಿಯ ಜವಾನ ಪರಮೇಶ್ವರ ಬಂದು ಫ್ಯಾನು ಆರಿಸಿದರು.

“ಮೇಡಂ, ಬಾಗ್ಲು ಹಾಕ್ಬೇಕಿತ್ತು.”

“ಅಧ್ಯಕ್ಷರು ಬರಬೇಕು.”

“ಸಾಹೇಬ್ರು ಆಗ್ಲೇ ಹೋದ್ರಲ್ಲ.”

“ಬರ್ತೀನಿ ಅಂದ್ರು.”

“ಅದೇ ಮೇಡಂ, ಬರ್ತೀನಿ ಅಂದ್ರೆ ಹೋದ್ರು ಅಂತ.” ಆಮೇಲೆ ನನ್ನನ್ನು ಒಮ್ಮೆ ಅನುಮಾನದಿಂದ ನೋಡಿ, “ತಮಗೆ ಕನ್ನಡ ಬರತ್ತಲ್ವಾ?” ಎಂದರು.

ಆರು ವರ್ಷ ಕಷ್ಟಪಟ್ಟು ಇನ್ನೂರ ಎಂಬತ್ತು ಪುಟಗಳಲ್ಲಿ ನಾನು ಹೇಳಿದ್ದನ್ನು ಪರಮೇಶ್ವರ ಅವರು ಬಾಗಿಲಿನ ಚಿಲಕ ಹಿಡಿದುಕೊಂಡೇ ಹೇಳಿ ಮುಗಿಸಿದರು. ಅವರನ್ನು ಮಂಡಳಿಯ ಆರನೆಯ ಸದಸ್ಯರನ್ನಾಗಿ ಮಾಡಿಕೊಳ್ಳಿ ಎಂದು ಕೇಳಬಹುದಿತ್ತು, ಆದರೆ ಅವರಿಗೆ ಕೈತುಂಬ ಕೆಲಸವಿದೆ.

ನನ್ನ ಬೇಡಿಕೆ ಇಷ್ಟೇ. ಮಂಗಳವಾರ ‘ಬರ್ತೀನಿ’ ಎಂದ ತಾವು ಆ ದಿನವೇ ಕಚೇರಿಗೆ ಮರಳಿ ಬಂದಿರಿ ಎಂಬುದಕ್ಕೆ ಸಹಿ ಸಮೇತ ಪುರಾವೆಯನ್ನು ಮೂವತ್ತರೊಳಗೆ ಒದಗಿಸತಕ್ಕದ್ದು. ಒದಗಿಸಿದರೆ ನನ್ನ ನೋಂದಣಿಯನ್ನು ನಾನೇ ರದ್ದು ಮಾಡಿಸಿಕೊಳ್ಳುತ್ತೇನೆ. ಒದಗಿಸಲಾಗದಿದ್ದರೆ, ತಾವು ಸುಳ್ಳು ಹೇಳಿದಿರಿ ಎಂದು ನಾನು ಖಂಡಿತ ಬರೆಯುವುದಿಲ್ಲ. ಪ್ರಬಂಧದಲ್ಲಿ ತಮ್ಮನ್ನು ಇನ್ನೂರ ಹದಿಮೂರನೆಯವರೆಂದು ಸೇರಿಸಿ, ಸುಲೋಚನಮ್ಮನವರ ಸಾಲಿನಲ್ಲೇ, ಮರ್ಯಾದಸ್ಥರ ಪಟ್ಟಿಯಲ್ಲಿ ಕೂರಿಸುತ್ತೇನೆ. ಅದೇ ಮರ್ಯಾದೆಯನ್ನು ತಾವು ಆ ನೂರೈವತ್ತಾರು ಮಂದಿಗೆ ಲಿಖಿತವಾಗಿ ಕೊಡಿ.

ಇಂತಿ,
ತಾವು ಇಂದೋ ನಾಳೆಯೋ ಬಂದೇ ಬರುತ್ತೀರೆಂದು ಮಂಡಳಿಯ ನಿಯಮದ ಪ್ರಕಾರ ನಂಬಲೇಬೇಕಾಗಿರುವ,
ರುಬೀನಾ
ಉಪನ್ಯಾಸಕಿ (ಸದ್ಯಕ್ಕೆ), ಕೊಪ್ಪ